ಎಂಜಲು ಮತ್ತು ಅಯೋಡಿನ್

ಒಂದು ಜನವರಿಯ ಗುರುವಾರ ನಾನು ಏಳನೇ ತರಗತಿಯ ಮಕ್ಕಳ ಮುಂದೆ ಎರಡು ಸುಳ್ಳು ಹೇಳಿದೆ. ಒಂದು ಸಣ್ಣದು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಇನ್ನೊಂದು ದೊಡ್ಡದು. ಅದನ್ನು ಕರಿಹಲಗೆಯ ಮೇಲೆ ದುಂಡಗೆ ಬರೆದು, ಕೆಳಗೆ ಗೆರೆ ಎಳೆದು, ನೋಟ್ಸಿನಲ್ಲಿ ಬರೆದುಕೊಳ್ಳಿ ಎಂದಿದ್ದೆ. ಅದು ಸುಳ್ಳು ಎಂದು ಅರ್ಥವಾಗಲು ನನಗೆ ಒಂದು ವಾರ ಬೇಕಾಯಿತು. ಮಕ್ಕಳಿಗೆ ಪಚನಕ್ರಿಯೆಯನ್ನು ಪ್ರಯೋಗದ ಮೂಲಕ ಕಲಿಸಲು ಹೋಗಿ ನಾನೇ ಕಲಿತದ್ದು ಏನು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಇರುವುದು ಶಂಕರಘಟ್ಟದಲ್ಲಿ. ಭದ್ರಾವತಿ ತಾಲ್ಲೂಕಿನ ಈ ಊರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯದಿಂದ. ಅದರ ಜ್ಞಾನ ಸಹ್ಯಾದ್ರಿ ಆವರಣದಲ್ಲೇ ನಾನು ಜೀವರಸಾಯನಶಾಸ್ತ್ರ ಓದಿದ್ದು. ಓದು ಮುಗಿದ ಮೇಲೂ ಊರು ಬಿಡಲಾಗಲಿಲ್ಲ. ವಾರಕ್ಕೊಂದು ದಿನ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗಿ ವಿಜ್ಞಾನದ ಪ್ರಯೋಗಗಳನ್ನು ಮಾಡಿಸುತ್ತೇನೆ. ಸಂಬಳದ ಕೆಲಸವಲ್ಲ, ಅಲ್ಲಿನ ಮೇಷ್ಟ್ರು ಪ್ರೀತಿಯಿಂದ ಕರೆದದ್ದಕ್ಕೆ ಹೋಗುವುದು. ಗದ್ದೆ ತೋಟದವರ ಮಕ್ಕಳು, ಕೂಲಿಯವರ ಮಕ್ಕಳು, ಭದ್ರಾ ಆಣೆಕಟ್ಟಿನ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರ ಮೊಮ್ಮಕ್ಕಳು, ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕುವೆಂಪು ಹೆಸರಿನ ನೆರಳಿನಲ್ಲಿರುವ ಊರಾದ್ದರಿಂದ ವಿಶ್ವಮಾನವ ಎಂಬ ಪದ ಇಲ್ಲಿ ಗಾಳಿಯಷ್ಟು ಸುಲಭವಾಗಿ ಸಿಗುತ್ತದೆ. ನಾನೂ ಅದನ್ನು ಉಸಿರಾಡಿದವಳೇ.

ಪಚನದ ಪಾಠ ಮೊದಲ ಎರಡು ವಾರ ಹಬ್ಬದ ಹಾಗೆ ನಡೆಯಿತು. ಸಣ್ಣ ಕರುಳು ಎಷ್ಟು ಉದ್ದ ಎಂದು ಕೇಳಿದರೆ ಒಬ್ಬಳು ಒಂದು ಗೇಣು ಎಂದಳು, ಇನ್ನೊಬ್ಬ ಒಂದು ಮೊಳ ಎಂದ. ಸುಮಾರು ಆರು ಮೀಟರ್ ಹಗ್ಗವನ್ನು ಜಗುಲಿಯ ಉದ್ದಕ್ಕೂ ಹಾಸಿದೆವು. "ನಮ್ಮಮ್ಮನ ಸೀರೆಗಿಂತ ಉದ್ದ ಮಿಸ್!" ಎಂದು ಹುಡುಗಿಯೊಬ್ಬಳು ಬಾಯಿ ಬಿಟ್ಟಳು. ಅದನ್ನು ಮಡಚಿ ಮಡಚಿ ಒಂದು ಚಿಕ್ಕ ಬುಟ್ಟಿಯೊಳಗೆ ಇಡಿಸಿದಾಗ ಎಲ್ಲರೂ ತಮ್ಮ ತಮ್ಮ ಹೊಟ್ಟೆ ಮುಟ್ಟಿ ನೋಡಿಕೊಂಡರು. ಬ್ರೆಡ್ಡಿನ ಚೂರು, ನೀರು, ನಿಂಬೆರಸ ಹಾಕಿದ ಪ್ಲಾಸ್ಟಿಕ್ ಚೀಲವನ್ನು ಹಿಸುಕಿ ಹಿಸುಕಿ ಜಠರ ಮಾಡುವ ಕೆಲಸವನ್ನು ಕೈಯಿಂದ ಮಾಡಿದರು. ನೀರಿನ ಮೇಲೆ ತೇಲುವ ಎಣ್ಣೆಗೆ ಪಾತ್ರೆ ತೊಳೆಯುವ ಸೋಪಿನ ನೀರು ಬಿದ್ದೊಡನೆ ಅದು ಸಣ್ಣ ಸಣ್ಣ ಹನಿಗಳಾಗಿ ಒಡೆಯುವುದನ್ನು ನೋಡಿ, ಪಿತ್ತರಸ ಕೊಬ್ಬಿಗೆ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ ಎಂದು ತಿಳಿದುಕೊಂಡರು. ಅಲ್ಲಿಯವರೆಗೆ ಎಲ್ಲವೂ ಚೀಲ, ಹಗ್ಗ, ಸೋಪು. ಯಾರ ಮೈಯೂ ಪ್ರಯೋಗಕ್ಕೆ ಬಂದಿರಲಿಲ್ಲ.

ಮೂರನೇ ವಾರ ಲಾಲಾರಸದ ಪ್ರಯೋಗ. ಇದು ಏಳನೇ ತರಗತಿಯ ಪಾಠದಲ್ಲಿ ಬರುವ ಪ್ರಸಿದ್ಧ ಚಟುವಟಿಕೆ. ಒಂದು ಪ್ರನಾಳಕ್ಕೆ ಒಂದು ಚಮಚ ಅನ್ನ, ಇನ್ನೊಂದಕ್ಕೆ ಮೂರರಿಂದ ಐದು ನಿಮಿಷ ಅಗಿದು ತೆಗೆದ ಅನ್ನ. ಎರಡಕ್ಕೂ ಸ್ವಲ್ಪ ನೀರು, ಆಮೇಲೆ ಎರಡು ಮೂರು ಹನಿ ಅಯೋಡಿನ್. ಅನ್ನದಲ್ಲಿರುವ ಪಿಷ್ಟವೆಂದರೆ ಗ್ಲೂಕೋಸಿನ ಸಾವಿರಾರು ಮಣಿಗಳನ್ನು ಪೋಣಿಸಿದ ಸರ. ಆ ಸರ ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ಸೇರಿಕೊಂಡರೆ ಕಡುನೀಲಿ ಬಣ್ಣ ಬರುತ್ತದೆ. ನಮ್ಮ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರವನ್ನು ಕತ್ತರಿಸುತ್ತಾ ಹೋಗುತ್ತದೆ. ಸರ ತುಂಡಾದರೆ ಸುರುಳಿ ಇಲ್ಲ, ಸುರುಳಿ ಇಲ್ಲದಿದ್ದರೆ ನೀಲಿ ಇಲ್ಲ. ಅನ್ನವನ್ನು ತುಂಬಾ ಹೊತ್ತು ಅಗಿದರೆ ಬಾಯಿ ಸಿಹಿಯಾಗುವುದೂ ಇದರಿಂದಲೇ. ಜೊಲ್ಲಿಗೆ ಪಿಷ್ಟವನ್ನು ಸಿಹಿಯಾಗಿಸುವ ಗುಣವಿದೆ ಎಂಬುದನ್ನು ಲಾಯ್ಕ್ಸ್ ಎಂಬ ಜರ್ಮನ್ ವಿಜ್ಞಾನಿ 1831ರಲ್ಲಿ ತೋರಿಸಿಕೊಟ್ಟ. ಸುಮಾರು ಇನ್ನೂರು ವರ್ಷದಿಂದ ಗೊತ್ತಿರುವ ಸಂಗತಿ, ಖರ್ಚಿಲ್ಲದ ಪ್ರಯೋಗ, ಹತ್ತು ನಿಮಿಷದಲ್ಲಿ ಕಣ್ಣಿಗೆ ಕಾಣುವ ಫಲಿತಾಂಶ. ಪಾಠ ಮಾಡುವವರಿಗೆ ಇನ್ನೇನು ಬೇಕು?

ನನಗೆ ಇನ್ನೂ ಒಂದು ಬೇಕಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಲಾಲಾರಸ ಎಂಬುದು ಪುಸ್ತಕದ ಮಾತು. ಮನೆಯಲ್ಲಿ, ಬೀದಿಯಲ್ಲಿ ಅದರ ಹೆಸರು ಎಂಜಲು. ಕನ್ನಡದಲ್ಲಿ ಎಂಜಲು ಎಂಬ ಪದಕ್ಕಿರುವ ಭಾರ ಜೊಲ್ಲು ಎಂಬುದಕ್ಕಿಲ್ಲ. ಜೊಲ್ಲು ಕೂಸಿನ ಬಾಯಿಂದ ಸುರಿಯುವಂಥದ್ದು, ಒರೆಸಿದರೆ ಹೋಗುತ್ತದೆ. ಎಂಜಲು ಒರೆಸಿದರೆ ಹೋಗುವುದಿಲ್ಲ. ಅದು ಲೋಟದ ಕಂಠಕ್ಕೆ, ಎಲೆಯ ತುದಿಗೆ, ಕೈಗೆ ಅಂಟಿಕೊಳ್ಳುತ್ತದೆ. ಜಿಪುಣನನ್ನು ಎಂಜಲ ಕೈಯಲ್ಲಿ ಕಾಗೆ ಓಡಿಸದವನು ಎನ್ನುತ್ತೇವೆ. ಯಾರ ಎಂಜಲು ಯಾರು ಬಳಿಯಬೇಕು ಎಂಬುದನ್ನು ಹುಟ್ಟಿನಿಂದಲೇ ಗೊತ್ತುಮಾಡಿದ ಸಮಾಜ ನಮ್ಮದು. ಉಂಡೆದ್ದವರ ಎಲೆಗಳ ಮೇಲೆ ಉರುಳುವ ಮಡೆಸ್ನಾನ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕರ್ನಾಟಕದ 2017ರ ಮೌಢ್ಯನಿಷೇಧ ಕಾಯ್ದೆಯಲ್ಲಿ ಸೇರಿತು. ಇದಕ್ಕೆ ವಿರುದ್ಧವಾದ ಎಳೆಯೂ ನಮ್ಮಲ್ಲಿದೆ. ಶಬರಿ ಕಚ್ಚಿ ರುಚಿ ನೋಡಿದ ಹಣ್ಣನ್ನೇ ರಾಮನಿಗೆ ಕೊಟ್ಟಳೆಂಬ ಕಥೆಯನ್ನು ಅಜ್ಜಿಯರು ಕಣ್ಣೊರೆಸಿಕೊಂಡು ಹೇಳುತ್ತಾರೆ. ವಚನಕಾರರು ದೇವರಿಗೆ ಅರ್ಪಿಸುವ ವಸ್ತುಗಳನ್ನೇ ಮುಂದಿಟ್ಟುಕೊಂಡು, ಎಂಜಲಾಗದ್ದು ಲೋಕದಲ್ಲಿ ಯಾವುದಿದೆ ಎಂದು ಕೇಳಿದ್ದಾರೆ. ನನ್ನ ಆಸೆ ಇದ್ದದ್ದು ಇಷ್ಟೇ: ಆ ಪ್ರಶ್ನೆಗೆ ಗಾಜಿನ ಪ್ರನಾಳದಲ್ಲಿ ಉತ್ತರ ತೋರಿಸಬೇಕು. ಎಲ್ಲ ಮಕ್ಕಳ ಪ್ರನಾಳದಲ್ಲೂ ನೀಲಿ ಮಾಯವಾಗಬೇಕು. ಅಯೋಡಿನ್ನಿಗೆ ಜಾತಿ ಗೊತ್ತಿಲ್ಲ ಎಂದು ನಾನು ಹೇಳಬೇಕು.

ಈ ಆಸೆಯ ಹಿಂದೆ ಒಂದು ಹಳೆಯ ಸಾಲವಿದೆ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಗಳು ನನ್ನ ವಾರಗೆಯವಳು. ಒಂದು ದಿನ ನನ್ನ ಬಳಿ ಇದ್ದದ್ದು ಒಂದೇ ಪೆಪ್ಪರಮೆಂಟು. ಲಂಗದ ಅಂಚಿನಲ್ಲಿ ಅದನ್ನು ಮುಚ್ಚಿ, ಬಟ್ಟೆಯ ಮೇಲಿಂದಲೇ ಕಚ್ಚಿ ಎರಡು ಮಾಡಿ ಅವಳಿಗೊಂದು ಚೂರು ಕೊಟ್ಟೆ. ಇದಕ್ಕೆ ಕಾಗೆ ಎಂಜಲು ಎನ್ನುತ್ತೇವೆ, ಕೆಲವು ಕಡೆ ಗುಬ್ಬಿ ಎಂಜಲು. ದೊಡ್ಡವರ ಕಾನೂನಿಗೆ ಮಕ್ಕಳು ಕಂಡುಕೊಂಡ ಉಪಾಯ ಅದು: ಬಾಯಿ ತಾಗಲಿಲ್ಲ, ಹಾಗಾಗಿ ಎಂಜಲಲ್ಲ. ಮರುದಿನ ಅವಳು ತನ್ನ ಪಾಲಿನ ನೆಲ್ಲಿಕಾಯಿಯನ್ನು ಹಾಗೆಯೇ ಕಚ್ಚಿ ನನಗೆ ಕೊಟ್ಟಳು. ನಾನು ಬಾಯಿಗೆ ಹಾಕಿಕೊಂಡದ್ದನ್ನು ಅಜ್ಜಿ ನೋಡಿದರು. ಬೈಯಲಿಲ್ಲ. ಉಗುಳಿಸಿದರು, ಬಾವಿಕಟ್ಟೆಯಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಹೊಯ್ದರು. ಆ ಹುಡುಗಿ ಕೊಟ್ಟಿಗೆಯ ಪಕ್ಕ ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ಅವಳು ಆಟಕ್ಕೆ ಬರಲಿಲ್ಲ. ನನ್ನ ಕಾಗೆ ಎಂಜಲು ಅವಳಿಗೆ ನಡೆಯಿತು, ಅವಳದು ನನಗೆ ನಡೆಯಲಿಲ್ಲ. ಅಜ್ಜಿ ಕೆಟ್ಟವರಲ್ಲ, ನನ್ನನ್ನು ಸಾಕಿದವರೇ ಅವರು. ಅದನ್ನು ನೆನೆದರೆ ಈ ಸಾಲ ಇನ್ನಷ್ಟು ಭಾರವಾಗುತ್ತದೆ.

ಆ ಗುರುವಾರ ಬಿಸಿಯೂಟದ ಅಡುಗೆಮನೆಗೆ ಹೋಗಿ ಅನ್ನ ಕೇಳಿದೆ. "ಅನ್ನ ಅಗಿದು ಉಗಿಸ್ತೀರಾ ಮಿಸ್?" ಎಂದು ಅಡುಗೆಯ ಅಕ್ಕ ಕೇಳಿದರು. ಬೇಡ ಎನ್ನಲಿಲ್ಲ, ಆದರೆ ಬಟ್ಟಲಿಗೆ ಹಾಕುವಾಗ ಅವರ ಕೈ ಬಿಗಿಯಾಗಿತ್ತು. ತರಗತಿಯಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮುಂದೆ ಕರೆದೆ. ಎಲ್ಲರಿಗೂ ಕಾಣಲಿ ಎಂಬುದು ನನ್ನ ಉದ್ದೇಶ. ಒಬ್ಬೊಬ್ಬರೂ ಬಂದು ಅನ್ನ ಅಗಿದು, ತಮ್ಮ ತಮ್ಮ ಪ್ರನಾಳಕ್ಕೆ ತೆಗೆದು, ಹೆಸರಿನ ಚೀಟಿ ಅಂಟಿಸಿ ಹೋದರು. ಹೇಸಿಗೆ, ನಗು, ಕಿರುಚಾಟ ಎಲ್ಲವೂ ನಡೆಯಿತು. ಅವರು ಅಗಿಯುತ್ತಿರುವಾಗಲೇ ನಾನು ಹಲಗೆಯ ಮೇಲೆ ಆ ದಿನದ ಸಿದ್ಧಾಂತವನ್ನು ಬರೆದಿಟ್ಟೆ: ಎಲ್ಲರ ಎಂಜಲೂ ಒಂದೇ.

ಅಯೋಡಿನ್ ಹಾಕುತ್ತಾ ಬಂದೆ. ಕೆಲವರದು ತಿಳಿಹಳದಿಯಾಗಿ ಉಳಿಯಿತು, ಕೆಲವರದು ಕಂದು, ಒಂದೆರಡು ಮಾಸಲು ನೇರಳೆ. ಹಿಂದಿನ ಬೆಂಚಿನ ಹುಡುಗನೊಬ್ಬನ ಪ್ರನಾಳ ಮಾತ್ರ ಬರೀ ಅನ್ನದ ಪ್ರನಾಳದಷ್ಟೇ ಕಡುನೀಲಿಯಾಯಿತು. ಅವನು ಯಾವ ಕೇರಿಯವನು ಎಂದು ನಾನು ಯಾವತ್ತೂ ಕೇಳಿದವಳಲ್ಲ. ಆದರೆ ಉಳಿದ ಮಕ್ಕಳಿಗೆ ಗೊತ್ತಿತ್ತು, ಮತ್ತು ಅವರಿಗೆ ಗೊತ್ತಿದೆ ಎಂಬುದು ನನಗೂ ಗೊತ್ತಿತ್ತು. ಮುಂದಿನ ಬೆಂಚಿನಿಂದ ಒಂದು ದನಿ ಬಂತು: "ಇವಂದು ಎಂಜಲಿಗೆ ಪವರೇ ಇಲ್ಲ ಮಿಸ್." ಇಡೀ ಕೋಣೆ ನಕ್ಕಿತು. ಹುಡುಗನೂ ನಕ್ಕ. ನಗದಿದ್ದರೆ ಇನ್ನೂ ಕಷ್ಟ ಎಂದು ಗೊತ್ತಿರುವವರು ನಗುವ ಹಾಗೆ ನಕ್ಕ. ಆಗ ನಾನು ಆ ಸಣ್ಣ ಸುಳ್ಳನ್ನು ಹೇಳಿದೆ. "ಇದಕ್ಕೆ ಅಯೋಡಿನ್ ಜಾಸ್ತಿ ಬಿದ್ದುಬಿಡ್ತು, ಲೆಕ್ಕಕ್ಕಿಲ್ಲ" ಎಂದು ಪ್ರನಾಳವನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಎಲ್ಲರಿಗೂ ಎಣಿಸಿ ಮೂರೇ ಹನಿ ಹಾಕಿದ್ದೆ.

ಆ ರಾತ್ರಿ ನನ್ನನ್ನು ಮೊದಲು ಕಾಡಿದ್ದು ವಿಜ್ಞಾನದ ಪ್ರಶ್ನೆ. ಯಾಕೆ ಹೀಗಾಯಿತು? ಕಾರಣಗಳು ಬೇಕಾದಷ್ಟಿದ್ದವು. ಅಮೈಲೇಸ್ ಚೆನ್ನಾಗಿ ಕೆಲಸ ಮಾಡುವುದು ಮೈಯ ಶಾಖದಲ್ಲಿ, ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಲೆನಾಡಿನ ಸೆರಗಿನಲ್ಲಿರುವ ನಮ್ಮೂರಿನ ಜನವರಿಯ ಬೆಳಗ್ಗೆ ನೀರು ಕೊರೆಯುವಷ್ಟು ತಣ್ಣಗಿರುತ್ತದೆ. ಅಗಿದದ್ದು ಕಡಿಮೆಯಾಗಿರಬಹುದು, ಅನ್ನ ಹೆಚ್ಚಾಗಿರಬಹುದು. ಇನ್ನೊಂದು ಕಾರಣ ಹೊಳೆದಾಗ ಎದ್ದು ಕುಳಿತೆ. ಹೆದರಿಕೆಯಾದರೆ ಬಾಯಿ ಒಣಗುತ್ತದೆ. ಇದು ನುಡಿಗಟ್ಟಷ್ಟೇ ಅಲ್ಲ, ಶರೀರದ ನಿಜ. ಬೆದರಿದ ಮೈಗೆ ಊಟದ ಗೊಡವೆ ಇರುವುದಿಲ್ಲ, ನರಮಂಡಲ ಜೊಲ್ಲಿನ ಹರಿವನ್ನು ತಗ್ಗಿಸುತ್ತದೆ. ಎಲ್ಲರ ಕಣ್ಣೆದುರು ನಿಂತು ಅಗಿಯಬೇಕಾದ ಹುಡುಗನ ಬಾಯಿಯಲ್ಲಿ ಜೊಲ್ಲು ಎಲ್ಲಿಂದ ಬರಬೇಕು?

ನಮ್ಮ ಹಳೆಯ ಧರ್ಮಶಾಸ್ತ್ರಗಳು ಹೇಳುವ ದಿವ್ಯಗಳಲ್ಲಿ ತಂಡುಲ ದಿವ್ಯ ಎಂಬುದೊಂದಿದೆ. ತಂಡುಲವೆಂದರೆ ಅಕ್ಕಿ. ಕಳ್ಳತನದ ಆರೋಪ ಹೊತ್ತವನಿಗೆ ಜನರ ಮುಂದೆ ಅಕ್ಕಿ ಅಗಿಯಲು ಕೊಟ್ಟು, ಎಲೆಯ ಮೇಲೆ ಉಗುಳಿಸುತ್ತಿದ್ದರು. ಉಗುಳಿದ್ದರಲ್ಲಿ ರಕ್ತ ಕಂಡರೆ ಅಪರಾಧಿ. ಒಣಗಿದ ಬಾಯಿಯಲ್ಲಿ ಗಟ್ಟಿ ಅಕ್ಕಿ ಅಗಿದರೆ ಒಸಡು ಗಾಯವಾಗುವುದು ಸಹಜ ಎಂದು ಈಗ ನಾವು ವಿವರಿಸಬಹುದು. ಕಳ್ಳನಿಗೆ ಭಯವಿರುತ್ತದೆ, ಭಯದಿಂದ ಬಾಯಿ ಒಣಗುತ್ತದೆ ಎಂದು ಆ ಪರೀಕ್ಷೆಯನ್ನು ಜಾಣತನದ್ದೆಂದು ಹೊಗಳುವವರೂ ಇದ್ದಾರೆ. ಆದರೆ ಸುಳ್ಳು ಆರೋಪಕ್ಕೆ ಸಿಕ್ಕಿ ನಡುಗುವವನ ಬಾಯಿಯೂ ಒಣಗುತ್ತದಲ್ಲ? ಊರಿನಲ್ಲಿ ಬಲವಿಲ್ಲದವನ ಬಾಯಿ ಎಲ್ಲರಿಗಿಂತ ಮೊದಲು ಒಣಗುತ್ತದೆ. ನಾನು ಮಾಡಿದ್ದೂ ಇದನ್ನೇ. ವಿಜ್ಞಾನದ ಪ್ರಯೋಗ ಎಂದುಕೊಂಡು ಏಳನೇ ತರಗತಿಯಲ್ಲಿ ಒಂದು ತಂಡುಲ ದಿವ್ಯ ನಡೆಸಿದ್ದೆ.

ಪ್ರಯೋಗಕ್ಕೂ ದಿವ್ಯಕ್ಕೂ ವ್ಯತ್ಯಾಸವೇನು? ಎರಡರಲ್ಲೂ ಅಕ್ಕಿಯಿದೆ, ಎಂಜಲಿದೆ, ನೋಡುವ ಜನರಿದ್ದಾರೆ, ಕೊನೆಯಲ್ಲೊಂದು ತೀರ್ಪಿದೆ. ಯೋಚಿಸುತ್ತಾ ನನಗೆ ಕಂಡದ್ದು ಇಷ್ಟು. ಪ್ರಯೋಗದಲ್ಲಿ ಪರೀಕ್ಷೆಗೆ ಒಳಗಾಗುವುದು ಒಂದು ಮಾತು. ಜೊಲ್ಲು ಪಿಷ್ಟವನ್ನು ಒಡೆಯುತ್ತದೆಯೋ ಇಲ್ಲವೋ ಎಂಬಂಥ ಮಾತು. ದಿವ್ಯದಲ್ಲಿ ಪರೀಕ್ಷೆಗೆ ಒಳಗಾಗುವುದು ಒಬ್ಬ ಮನುಷ್ಯ. ಪ್ರಯೋಗ ಸೋತರೆ ಆ ಮಾತನ್ನು ತಿದ್ದಿಕೊಳ್ಳುತ್ತೇವೆ. ದಿವ್ಯದಲ್ಲಿ ಸೋತರೆ ಸೋಲುವುದು ಮನುಷ್ಯನೇ. ನಾನು ಪ್ರತಿ ಪ್ರನಾಳಕ್ಕೂ ಒಂದು ಹೆಸರು ಅಂಟಿಸಿ, ಎಲ್ಲವನ್ನೂ ಒಂದೇ ಸ್ಟ್ಯಾಂಡಿನಲ್ಲಿ ಸಾಲಾಗಿಟ್ಟು, ಮೇಲೆ ಸಮಾನತೆಯ ಘೋಷಣೆ ಬರೆದ ಕ್ಷಣವೇ ಪ್ರಯೋಗವನ್ನು ದಿವ್ಯವಾಗಿಸಿಬಿಟ್ಟಿದ್ದೆ. ನೀಲಿ ಹೋದವರೆಲ್ಲ ಸಮಾನರು ಎಂದಮೇಲೆ ನೀಲಿ ಉಳಿದವನು ಯಾರು? ಆ ಪ್ರಶ್ನೆಯನ್ನು ಮುಂದಿನ ಬೆಂಚಿನ ಹುಡುಗ ಹುಟ್ಟಿಸಲಿಲ್ಲ. ಹಲಗೆಯ ಮೇಲೆ ಬರೆದವಳು ನಾನು.

ದೊಡ್ಡ ಸುಳ್ಳೂ ಅದೇ. ಎಲ್ಲರ ಎಂಜಲೂ ಒಂದೇ ಅಲ್ಲ. ಲಾಲಾರಸದ ಅಮೈಲೇಸಿಗೆ ಕಾರಣವಾದ ಜೀನ್ ಒಬ್ಬರಲ್ಲಿ ಎರಡೇ ಪ್ರತಿ ಇದ್ದರೆ ಇನ್ನೊಬ್ಬರಲ್ಲಿ ಹತ್ತಕ್ಕಿಂತ ಹೆಚ್ಚಿರಬಹುದು. 2007ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ, ತಲೆತಲಾಂತರದಿಂದ ಪಿಷ್ಟ ಹೆಚ್ಚು ತಿನ್ನುತ್ತಾ ಬಂದ ಜನಸಮುದಾಯಗಳಲ್ಲಿ ಈ ಪ್ರತಿಗಳು ಸರಾಸರಿ ಹೆಚ್ಚಿವೆ ಎಂದು ತೋರಿಸಿತು. ಇದನ್ನು ನಾನು ಎಂ.ಎಸ್ಸಿ. ಓದುವಾಗಲೇ ಓದಿದ್ದೆ. ಪಾಠ ಚೆಂದವಾಗಲಿ ಎಂದು ಮರೆತೆ. ಇರಲಿ, ಜೊಲ್ಲಿನ ಅಮೈಲೇಸ್ ಕಡಿಮೆ ಇದ್ದವರು ಉಪವಾಸವೇನೂ ಬೀಳುವುದಿಲ್ಲ. ಜಠರದ ಆಮ್ಲ ತಾಗಿದರೆ ಎಲ್ಲರ ಜೊಲ್ಲಿನ ಕೆಲಸವೂ ನಿಲ್ಲುತ್ತದೆ. ಮುಂದೆ ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಅಮೈಲೇಸ್ ಉಳಿದ ಪಿಷ್ಟವನ್ನೆಲ್ಲ ನೋಡಿಕೊಳ್ಳುತ್ತದೆ. ಶರೀರ ಒಂದೇ ಪರೀಕ್ಷೆಯ ಮೇಲೆ ಯಾರ ಊಟವನ್ನೂ ನಿಲ್ಲಿಸುವುದಿಲ್ಲ.

ನಾವು ಸಮಾನರು, ಏಕೆಂದರೆ ನಮ್ಮ ರಕ್ತ ಒಂದೇ ಬಣ್ಣ, ನಮ್ಮ ಎಂಜಲು ಒಂದೇ ಗುಣ ಎಂದು ಒಳ್ಳೆಯ ಮನಸ್ಸಿನಿಂದ ಹೇಳುತ್ತಾ ಬಂದಿದ್ದೇವೆ. ಕೇಳಲು ಹಿತವಾದ ಮಾತು. ಆದರೆ ಆ 'ಏಕೆಂದರೆ'ಯಲ್ಲಿ ಅಪಾಯವಿದೆ. ನಾಳೆ ಯಾರೋ ಒಬ್ಬ ಅಳತೆಗೋಲು ಹಿಡಿದು ಬಂದು ವ್ಯತ್ಯಾಸ ತೋರಿಸಿದರೆ? ಹಾಗೆ ಬಂದವರಿದ್ದಾರೆ. 1901ರ ಭಾರತದ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲಿ ಜನರ ಮೂಗಿನ ಅಗಲ ಉದ್ದಗಳನ್ನು ಅಳೆದ ಅಂಕಿಗಳಿಂದ ಜಾತಿಯ ಮೇಲುಕೀಳನ್ನು ವಿವರಿಸಬಹುದೆಂದು ನಂಬಿದ್ದ. ಅವನ ವಿಜ್ಞಾನ ಕೆಟ್ಟದ್ದಾಗಿತ್ತು, ಅದನ್ನು ತೋರಿಸಿಕೊಡಲೇಬೇಕು. ಆದರೆ ಅವನಿಗೆ ಕೊಡಬೇಕಾದ ಮೊದಲ ಉತ್ತರ ನಿನ್ನ ಅಳತೆ ತಪ್ಪು ಎಂಬುದಲ್ಲ. ಅಳತೆ ಸರಿಯಾಗಿದ್ದರೂ, ಮನುಷ್ಯರ ಮರ್ಯಾದೆಯನ್ನು ನಿರ್ಧರಿಸಲು ಮೂಗು ಹಿಡಿದು ನೋಡುವ ಹಕ್ಕು ನಿನಗೆ ಕೊಟ್ಟವರಾರು ಎಂಬುದು ಮೊದಲ ಉತ್ತರ. ಸಮಾನತೆ ಪ್ರನಾಳದಿಂದ ಹೊರಬರುವ ಫಲಿತಾಂಶವಲ್ಲ. ಪ್ರನಾಳವನ್ನು ಕೈಗೆತ್ತಿಕೊಳ್ಳುವ ಮೊದಲೇ ನಾವು ಒಪ್ಪಿಕೊಂಡಿರಬೇಕಾದ ನಿಲುವು. ಒಬ್ಬನದು ನೀಲಿಯಾದರೂ, ಹಳದಿಯಾದರೂ, ಎಂಜಲೇ ಬಾರದಿದ್ದರೂ ಆ ನಿಲುವು ಅಲ್ಲಾಡಬಾರದು.

ಹಾಗಾದರೆ ಈ ವಿಷಯದಲ್ಲಿ ವಿಜ್ಞಾನಕ್ಕೆ ಹೇಳುವುದೇನೂ ಇಲ್ಲವೇ ಎಂದು ನೀವು ಕೇಳಬಹುದು. ಇದೆ, ಬಹಳವಿದೆ. ಮೇಲುಕೀಳಿಗೆ ಜನ ಕೊಡುವ ನೆಪಗಳನ್ನು ಅದು ಒಂದೊಂದಾಗಿ ಕಿತ್ತುಹಾಕಬಲ್ಲದು. ಒಬ್ಬರ ಎಂಜಲಿನಿಂದ ರೋಗ ಹರಡಬಹುದು, ಅದು ಯಾರ ಎಂಜಲಿನಿಂದಲೂ ಹರಡಬಹುದು, ಜಾತಿ ನೋಡಿ ಅಲ್ಲ ಎಂದು ಅದು ಹೇಳಬಲ್ಲದು. ಆದರೆ ನೆಪ ಹೋದ ಮಾತ್ರಕ್ಕೆ ನಡತೆ ಹೋಗುವುದಿಲ್ಲ. ಶಾಲೆಯ ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಆ ಆದೇಶದ ಹಿಂದೆ ಯಾವ ರಸಾಯನಶಾಸ್ತ್ರವೂ ಇರಲಿಲ್ಲ. ಯಾರು ಬಡಿಸುತ್ತಾರೆ, ಯಾರು ಪಕ್ಕದಲ್ಲಿ ಕೂರುತ್ತಾರೆ ಎಂಬುದರಿಂದಲೇ ಮಕ್ಕಳು ಸಮಾನತೆಯನ್ನು ಕಲಿಯುತ್ತಾರೆ ಎಂಬ ತಿಳಿವಳಿಕೆ ಇತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಯಾರ ಮೈಯ ಮೇಲೆ ಪ್ರಯೋಗ? ಪಚನದ ಚರಿತ್ರೆಯಲ್ಲಿ ಇದಕ್ಕೆ ಎರಡು ದಾರಿಗಳು ಕಾಣುತ್ತವೆ. ಹದಿನೆಂಟನೇ ಶತಮಾನದ ಇಟಲಿಯ ಸ್ಪಲ್ಲಂಜಾನಿ ಬ್ರೆಡ್ಡು, ಮಾಂಸಗಳನ್ನು ಪುಟ್ಟ ಬಟ್ಟೆಯ ಚೀಲಗಳಲ್ಲಿ ಹೊಲಿದು ತಾನೇ ನುಂಗಿದ. ಹೊರಬಂದ ಚೀಲಗಳನ್ನು ಬಿಚ್ಚಿ ಏನು ಕರಗಿದೆ ಎಂದು ನೋಡಿದ. ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಹಿಡಿದದ್ದು ಇನ್ನೊಂದು ದಾರಿ. 1822ರಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಬಡ ಕೂಲಿಯವನ ಹೊಟ್ಟೆಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಬೋಮಾಂಟ್ ಅವನನ್ನು ಬದುಕಿಸಿದ, ಆದರೆ ಜಠರದ ತೂತು ಮುಚ್ಚಲಿಲ್ಲ. ವೈದ್ಯ ಅವನನ್ನು ಮನೆಗೆಲಸಕ್ಕೆ ಇಟ್ಟುಕೊಂಡು, ಆ ತೂತಿನಿಂದ ರೇಷ್ಮೆ ದಾರಕ್ಕೆ ಕಟ್ಟಿದ ಆಹಾರವನ್ನು ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದ. 1833ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಇಂಥ 238 ಪ್ರಯೋಗಗಳಿವೆ. ಜಠರರಸದ ಬಗ್ಗೆ ನಮಗೆ ತಿಳಿದಿರುವ ಎಷ್ಟೋ ಸಂಗತಿಗಳಿಗೆ ಬುನಾದಿ ಅದು. ಆದರೆ 1880ರಲ್ಲಿ ಸೇಂಟ್ ಮಾರ್ಟಿನ್ ತೀರಿಕೊಂಡಾಗ, ವೈದ್ಯರು ಶವಕ್ಕೆ ಕೈ ಹಾಕಬಾರದೆಂದು ಮನೆಯವರು ಅದನ್ನು ಕೊಳೆಯಲು ಬಿಟ್ಟು ಆಮೇಲೆ ಆಳದಲ್ಲಿ ಹೂಳಿದರು. ಬದುಕಿದ್ದಾಗ ಅವನಿಗೆ ಏನನ್ನಿಸುತ್ತಿತ್ತು ಎಂಬುದಕ್ಕೆ ಆ ಗುಂಡಿಯೇ ಸಾಕ್ಷಿ. ನಾನು ಆ ಗುರುವಾರ ಒಂದು ತುತ್ತನ್ನೂ ಅಗಿದಿರಲಿಲ್ಲ. ನನ್ನ ಹೆಸರಿನ ಪ್ರನಾಳ ಆ ಸ್ಟ್ಯಾಂಡಿನಲ್ಲಿ ಇರಲಿಲ್ಲ.

ಮುಂದಿನ ಗುರುವಾರ ತರಗತಿಗೆ ಮುಂಚೆ ಆ ಹುಡುಗ ಕೊಳಾಯಿಯ ಹತ್ತಿರ ಸಿಕ್ಕ. ಅವನ ಪ್ರನಾಳದ ಬಗ್ಗೆ ಎಲ್ಲರ ಮುಂದೆ ಸರಿಯಾಗಿ ವಿವರಿಸಲಾ ಎಂದು ಕೇಳಿದೆ. "ಬ್ಯಾಡ ಮಿಸ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೆಲ ನೋಡುತ್ತಾ ಹೇಳಿದ: "ನಾನು ಅಗೀಲೇ ಇಲ್ಲ ಮಿಸ್. ಎಲ್ರೂ ನೋಡ್ತಿದ್ರು. ಬಾಯಲ್ಲಿ ಇಟ್ಕೊಂಡು ಹಂಗೇ ತೆಗ್ದೆ."

ನಾನು ರಾತ್ರಿಯಿಡೀ ಜೀನು, ಶಾಖ, ನರಮಂಡಲ ಎಂದು ಹುಡುಕಿದ್ದ ಕಾರಣ ಇಷ್ಟು ಸರಳವಾಗಿತ್ತು. ಪ್ರನಾಳ ಸುಳ್ಳು ಹೇಳಿರಲಿಲ್ಲ. ಅಗಿಯದ ಅನ್ನ ನೀಲಿಯಾಗಲೇಬೇಕು. ಅದು ಅವನ ಎಂಜಲಿನ ಬಗ್ಗೆ ಏನನ್ನೂ ಹೇಳಿರಲಿಲ್ಲ. ಆ ಕೋಣೆಯಲ್ಲಿದ್ದ ಕಣ್ಣುಗಳ ಬಗ್ಗೆ ಹೇಳಿತ್ತು.

ಅವನು ಬೇಡ ಎಂದದ್ದರಿಂದ ಅವನ ಮಾತು ಎತ್ತಲಿಲ್ಲ. ಹಲಗೆಯ ಮುಂದೆ ನಿಂತು, ಹೋದ ವಾರ ನಾನು ಬರೆಸಿದ ವಾಕ್ಯ ತಪ್ಪು, ಹೊಡೆದುಹಾಕಿ ಎಂದೆ. ಮಕ್ಕಳಿಗೆ ಮೇಷ್ಟ್ರುಗಳ ತಪ್ಪು ಎಂದರೆ ಹಬ್ಬ. ಪೆನ್ನು ಹಿಡಿದು ಗೀಚಿದರು. "ಹಂಗಾದ್ರೆ ಎಲ್ಲರ ಎಂಜಲೂ ಬೇರೆ ಬೇರೆನಾ ಮಿಸ್?" ಎಂದು ಹುಡುಗಿಯೊಬ್ಬಳು ಕೇಳಿದಳು. ಸ್ವಲ್ಪ ಬೇರೆ ಬೇರೆ, ಎಲ್ಲರ ಬೆರಳಚ್ಚು ಬೇರೆ ಇರುವ ಹಾಗೆ ಎಂದೆ. ಅವರವರ ಹೆಸರಿನ ಮರ್ಯಾದೆಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದೆ. ಎಷ್ಟು ಮಂದಿಗೆ ಕೇಳಿಸಿತೋ ತಿಳಿಯದು.

ಪ್ರಯೋಗವನ್ನು ಬದಲಿಸಿದ್ದೆ. ಈ ಸಲ ಅಡುಗೆಯ ಅಕ್ಕನಿಂದ ಕೇಳಿ ತಂದದ್ದು ಬಸಿದ ಗಂಜಿ. "ಇದಾದ್ರೆ ತಗಳಿ" ಎಂದು ತಂಬಿಗೆ ತುಂಬಿಸಿ ಕೊಟ್ಟರು. ಯಾರೂ ಮುಂದೆ ಬಂದು ನಿಲ್ಲಬೇಕಿರಲಿಲ್ಲ. ತಮ್ಮ ತಮ್ಮ ಜಾಗದಲ್ಲೇ ಕುಳಿತು, ಬೇಕಾದವರು ಮಾತ್ರ ತಮ್ಮ ಎಂಜಲನ್ನು ತಾವೇ ಎರಡು ಪ್ರನಾಳಕ್ಕೆ ಹಾಕಿಕೊಳ್ಳಬೇಕು. ಒಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಡಬೇಕು. ಇನ್ನೊಂದನ್ನು ಕುದಿಯುವ ನೀರಿನಲ್ಲಿ ಇಟ್ಟು ತಣಿಸಬೇಕು. ಆಮೇಲೆ ಎರಡಕ್ಕೂ ಗಂಜಿ ಬೆರೆಸಿ, ನಿಮಿಷಕ್ಕೊಂದು ಹನಿಯನ್ನು ಬಿಳಿ ತಟ್ಟೆಯ ಮೇಲಿಟ್ಟು ಅಯೋಡಿನ್ ಮುಟ್ಟಿಸಿ ನೋಡಬೇಕು. ಕುದಿಸಿದರೆ ಕಿಣ್ವ ಕೆಡುತ್ತದೆ, ನೀಲಿ ಹಾಗೆಯೇ ಉಳಿಯುತ್ತದೆ. ಬೆಚ್ಚಗಿನದರಲ್ಲಿ ಹನಿಯಿಂದ ಹನಿಗೆ ನೀಲಿ ಮಾಸುತ್ತಾ ಬರುತ್ತದೆ. ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವ ಬದಲು ಪ್ರತಿಯೊಬ್ಬರೂ ತಮ್ಮದನ್ನು ತಮ್ಮದರ ಜೊತೆಗೇ ಹೋಲಿಸಿಕೊಂಡರು. ವಿಜ್ಞಾನವೂ ಮೊದಲಿಗಿಂತ ಚೆನ್ನಾಗಿತ್ತು. ಹೋದ ವಾರದ ಪ್ರಯೋಗದಿಂದ ಕಿಣ್ವದ ಬಗ್ಗೆ ಮಕ್ಕಳು ಕಲಿತದ್ದಕ್ಕಿಂತ ಹೆಚ್ಚು ಈ ಸಲ ಕಲಿತರು. ಮಕ್ಕಳ ಮರ್ಯಾದೆ ಕಾಯಲು ಹೊರಟಾಗ ಪ್ರಯೋಗವೂ ನೇರವಾಯಿತು. ಇದು ಯಾವಾಗಲೂ ಹೀಗೇ ಆಗುತ್ತದೆ ಎಂದು ಹೇಳಲಾರೆ, ಅವತ್ತು ಆಯಿತು.

ಮೊದಲು ಉಗುಳಿದವಳು ನಾನು, ನನ್ನ ಹೆಸರಿನ ಚೀಟಿ ಅಂಟಿಸಿ, ಮೇಜಿನ ಮೇಲೆ, ಎಲ್ಲರ ಎದುರು. ಮಕ್ಕಳ ತಟ್ಟೆಗಳಲ್ಲಿ ನೀಲಿ ಮಾಸತೊಡಗಿದಾಗಲೂ ನನ್ನದು ಗಟ್ಟಿಯಾಗಿಯೇ ಇತ್ತು. "ಮಿಸ್‌ದು ಪವರ್ ಇಲ್ಲ!" ಎಂದು ಅದೇ ಮುಂದಿನ ಬೆಂಚು ಕೂಗಿತು. ಕೋಣೆ ನಕ್ಕಿತು. ನಾನೂ ನಕ್ಕೆ, ನಿಜವಾಗಿ ನಕ್ಕೆ. ನಗುತ್ತಲೇ ನನಗೊಂದು ವಿಷಯ ಅರಿವಾಯಿತು. ಅದೇ ಮಾತು, ಅದೇ ನಗು, ಅದೇ ಕೋಣೆ. ಅದು ನನ್ನ ಮೈಗೆ ತಾಗಿ ಜಾರಿಹೋಯಿತು. ಏಕೆಂದರೆ ಹುಟ್ಟಿದಂದಿನಿಂದ ನನ್ನ ಎಂಜಲಿನ ಬಗ್ಗೆ ಯಾರೂ ಏನೂ ಹೇಳಿಲ್ಲ. ನನ್ನ ಹಿಂದೆ ನಿಂತು ಆ ಮಾತಿಗೆ ಭಾರ ಕೂಡಿಸುವ ನೂರು ವರ್ಷಗಳು ಇರಲಿಲ್ಲ. ಎಲ್ಲರನ್ನೂ ಒಂದೇ ರೀತಿ ನಡೆಸಿಕೊಂಡೆ, ಎಲ್ಲರನ್ನೂ ಮುಂದೆ ಕರೆದೆ, ಎಲ್ಲರಿಗೂ ಮೂರೇ ಹನಿ ಹಾಕಿದೆ ಎಂದು ನಾನು ನ್ಯಾಯವಂತಳಂತೆ ಅಂದುಕೊಂಡಿದ್ದೆ. ಹನಿ ಒಂದೇ ಆದರೂ ಬೀಳುವ ಜಾಗ ಒಂದೇ ಅಲ್ಲ.

ಗಂಟೆ ಬಾರಿಸಿತು. ಮಕ್ಕಳು ತಟ್ಟೆ ಹಿಡಿದು ಊಟಕ್ಕೆ ಓಡಿದರು. ನಾನು ಪ್ರನಾಳಗಳನ್ನು ತೊಳೆಯಲು ಬಕೆಟ್ಟಿಗೆ ಸೋಪಿನ ನೀರು ಹಾಕಿಕೊಂಡು ಕುಳಿತೆ. ಆ ಹುಡುಗ ಹಿಂದೆ ಉಳಿದಿದ್ದ. ತನ್ನ ಎರಡು ಪ್ರನಾಳಗಳನ್ನೂ ಕೈಯಲ್ಲೇ ಹಿಡಿದುಕೊಂಡಿದ್ದ. ಅವನ ತಟ್ಟೆಯಲ್ಲಿ ನೀಲಿ ಮಾಸಿತೋ ಇಲ್ಲವೋ ನಾನು ನೋಡಿರಲಿಲ್ಲ. ಬೇಕೆಂದೇ ಆ ಕಡೆ ಹೋಗಿರಲಿಲ್ಲ. ಕೊಡು ಎಂದು ಕೈ ಚಾಚಿದೆ.

"ಬ್ಯಾಡ ಮಿಸ್, ಎಂಜಲು. ನಾನೇ ತೊಳೀತೀನಿ."

"ನಂದೂ ಎಂಜಲೇ ಅಲ್ವೇನೋ, ಕೊಡು."

ಕೊಟ್ಟ. ಗಾಜು ಇನ್ನೂ ಬೆಚ್ಚಗಿತ್ತು. ಅದನ್ನು ಬೆರಳುಗಳಿಂದ ಹಿಡಿಯುವಾಗ ನನ್ನ ಕೈ ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು ತಡೆಯಿತು. ಅವನಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ, ನನಗೆ ಕಂಡಿತು. ಬಾವಿಕಟ್ಟೆಯ ನೀರು ಇನ್ನೂ ಆರಿಲ್ಲ ಎಂದು ಗೊತ್ತಾಯಿತು. ಆಮೇಲೆ ಬ್ರಷ್ ಹಾಕಿ ಉಜ್ಜಿದೆ, ಅವನು ಚೊಂಬಿನಿಂದ ನೀರು ಹಾಕಿದ. ಎಲ್ಲವನ್ನೂ ತೊಳೆದು ಬಿಸಿಲಿಗೆ ಬೋರಲು ಹಾಕುವಷ್ಟರಲ್ಲಿ ಸಾರು ತಣ್ಣಗಾಗುತ್ತದೆ ಬನ್ನಿ ಎಂದು ಅಡುಗೆಯ ಅಕ್ಕ ಕೂಗಿದರು.